ತಾಕತ್ತು ಗುಳಿಗೆಯಲ್ಲ

ನಿನ್ನೆ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇವು: ನಲ್ಲಿ ಬಂದಾಗ ಎರಡು ಕೊಡ, ಒಂದು ಡ್ರಮ್ ನೀರು ತುಂಬಿದೆ. ಹಾಲು ಕಾಯಿಸಿದೆ. ಗಿರಣಿಗೆ ಕಳಿಸಲು ಜೋಳ ಹಸನು ಮಾಡಿದೆ. ನಮ್ಮ ಮನೆಯವರ ಬಿಳಿ ಅಂಗಿಯನ್ನು ತಣ್ಣೀರಿನಲ್ಲಿ ಅದ್ದಿದೆ. ರಕ್ತದ ಕಲೆಗೆ ಬಿಸಿನೀರು ತಾಗಿದರೆ ಅದು ಅಲ್ಲೇ ಕೂತುಬಿಡುತ್ತದೆ. ಆಮೇಲೆ ಕಪಾಟಿನಲ್ಲಿದ್ದ ಐದು ಡಬ್ಬಿಗಳನ್ನು ಸಂತೆಚೀಲಕ್ಕೆ ಹಾಕಿಕೊಂಡು, ಅವರನ್ನು ಆಟೋದಲ್ಲಿ ಕೂಡಿಸಿ ಡಾಕ್ಟರ ಹತ್ತಿರ ಹೊರಟೆ. ದಾರಿಯುದ್ದಕ್ಕೂ ಅವರು ಮೂಗಿಗೆ ವಸ್ತ್ರ ಒತ್ತಿಕೊಂಡಿದ್ದರು, ನಾನು ಚೀಲವನ್ನು ಎದೆಗೆ ಒತ್ತಿಕೊಂಡಿದ್ದೆ.

ಡಬ್ಬಿಗಳ ಕಥೆ ಹೇಳಬೇಕು. ಎರಡು ತಿಂಗಳ ಹಿಂದೆ ದೇವದುರ್ಗದ ಕಚೇರಿಯಿಂದ ರಾಯಚೂರಿಗೆ ಮರಳುವಾಗ ಬಸ್ಸಿನಲ್ಲೇ ಇವರಿಗೆ ಎದೆ ಹಿಡಿಯಿತು. ಹೃದಯದ ಒಂದು ರಕ್ತನಾಳ ಪೂರಾ ಕಟ್ಟಿತ್ತು. ಅದಕ್ಕೆ ಸ್ಟೆಂಟ್ ಹಾಕಿದರು. ಇನ್ನೊಂದು ಅರ್ಧ ಕಟ್ಟಿದೆ, ಅದನ್ನು ಗುಳಿಗೆಯಿಂದಲೇ ಹತೋಟಿಯಲ್ಲಿಡೋಣ ಎಂದರು. ಆ 'ಅರ್ಧ' ಎಂಬ ಮಾತು ನನ್ನೊಳಗೆ ಹೊಕ್ಕು ಕೂತಿತು. ಅರ್ಧ ಕಟ್ಟಿದ ಬಚ್ಚಲ ಮೋರಿ ಎಷ್ಟೋ ಕಂಡಿದ್ದೇನೆ. ಅದು ಅರ್ಧಕ್ಕೇ ನಿಲ್ಲುವ ಜಾತಿಯಲ್ಲ.

ನನ್ನ ಹೆದರಿಕೆ ಮಾನ್ವಿಯವರೆಗೂ ಮುಟ್ಟಿತೇನೋ, ಅಲ್ಲಿಂದ ನಾದಿನಿ ಮೊದಲ ಬಸ್ಸಿಗೇ ಬಂದಳು. ಐದು ಡಬ್ಬಿ ತಂದಿದ್ದಳು: ಮೀನೆಣ್ಣೆ, ಬೆಳ್ಳುಳ್ಳಿ ಸತ್ವ, ವಿಟಮಿನ್ ಇ. ಇನ್ನೆರಡು ಡಬ್ಬಿಯ ಹೆಸರಿಗೆ ನನ್ನ ಕನ್ನಡಕ ಸೋತಿತು.

"ಇವು ಗುಳಿಗಿ ಅಲ್ಲ ಅತ್ತಿಗಿ, ತಾಕತ್ತಿನವು. ಕಾಲುವ್ಯಾಗಿನ ಹೂಳು ತೆಗದಂಗ ಬ್ಲಾಕ್ ತೆಗಿತಾವಂತ."

"ಯಾರಂದ್ರು?"

"ಮೊಬೈಲ್‌ನ್ಯಾಗ ಒಬ್ಬಾವ ಹೇಳಿದ. ಬಿಳಿ ಕೋಟು ಹಾಕ್ಕೊಂಡಿದ್ದ."

ನಿಜಾಮರ ಕಾಲದಿಂದ ನಮ್ಮ ಕಡೆ ಉಳಿದುಬಂದ ಮಾತುಗಳಲ್ಲಿ 'ತಾಕತ್ತಿ'ನಷ್ಟು ತಾಕತ್ತು ಇನ್ನೊಂದಕ್ಕಿಲ್ಲ. ಬಾಣಂತಿಯ ಅಂಟಿನುಂಡಿ ತಾಕತ್ತಿಗೆ, ಪರೀಕ್ಷೆಗೆ ಓದುವವರ ನೆನೆಸಿದ ಬದಾಮಿ ತಾಕತ್ತಿಗೆ, ದವಾಖಾನೆಯಲ್ಲಿ ಏರಿಸುವ ಸಲಾಯಿನ್ನೂ ತಾಕತ್ತಿಗೇ. ಗುಳಿಗೆ ಎಂದರೆ ರೋಗ ನೆನಪಾಗುತ್ತದೆ. ತಾಕತ್ತನ್ನು ಯಾರೂ ಅನುಮಾನಿಸುವುದಿಲ್ಲ. ಹೀಗಾಗಿ ತಪಾಸಣೆಗೆ ಹೋದಾಗ ಡಾಕ್ಟರು, "ಬ್ಯಾರೆ ಗುಳಿಗಿ ಏನರ ತಗೊಂತಾರೇನ್ರಿ?" ಎಂದು ಕೇಳಿದರೆ ನಾನು "ಇಲ್ರಿ" ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ದಿನವೂ ಐದನ್ನೂ ಎಣಿಸಿ, ನೀರಿನ ಲೋಟದ ಜೊತೆ ಕೈಗಿಡುತ್ತಿದ್ದವಳು ನಾನೇ.

ಹತ್ತು ದಿನದ ಹಿಂದೆ ಗಡ್ಡ ಮಾಡಿಕೊಳ್ಳುವಾಗ ಅವರ ಗದ್ದ ಗೀರಿತು. ಪಟಿಕ ತಿಕ್ಕಿದರೂ ರಕ್ತ ನಿಲ್ಲಲಿಲ್ಲ. ಕನ್ನಡಿಯ ಮುಂದಿನಿಂದಲೇ ಕೂಗಿದರು: "ಏ, ಬಾ ಇಲ್ಲಿ! ಬ್ಲಾಕ್ ಬಿಟ್ಟದ ನೋಡು, ರಕ್ತ ಹೆಂಗ ಸರಳ ಹರಿಯಾಕತ್ತದ!"

ನಾನೂ ಹಿಗ್ಗಿದೆ. ಮಾನ್ವಿಗೆ ಫೋನು ಮಾಡಿದೆ. ಅಂದು ಶಾವಿಗೆ ಪಾಯಸ ಕೂಡ ಆಯಿತು. ಎರಡು ದಿನ ಕಳೆದು ತೋಳಿನ ಮೇಲೆ ನೀಲಿ ಕಲೆಗಳು ಮೂಡಿದಾಗ ಆ ಹಿಗ್ಗು ಬತ್ತಿತು. ಎಲ್ಲಿಯೂ ಪೆಟ್ಟು ಮಾಡಿಕೊಂಡಿಲ್ಲ ಎಂದರು ಅವರು. ನಿನ್ನೆ ಮೂಗಿನಿಂದ ಇಳಿಯತೊಡಗಿದ ರಕ್ತ ಅಂಗಿ ತೋಯಿಸಿದ ಮೇಲೂ ನಿಲ್ಲಲಿಲ್ಲ. ಆಗ ಕಪಾಟು ತೆರೆದು ಆ ಐದು ಡಬ್ಬಿಗಳನ್ನು ಕೆಳಗಿಳಿಸಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಮೂಗಿಗೆ ಹತ್ತಿ ಇಟ್ಟು ರಕ್ತ ನಿಲ್ಲಿಸಿದರು. ಆಮೇಲೆ ನನ್ನ ಚೀಲ ನೋಡಿದರು.

"ಇವೇನ್ರಿ ಯವ್ವಾ?"

"ತಾಕತ್ತಿನವು ರೀ."

ಒಂದೊಂದೇ ಡಬ್ಬಿ ತಿರುಗಿಸಿ ಓದಿ, ಮೂರನ್ನು ಬೇರೆ ಇಟ್ಟರು. "ರಕ್ತ ಹೆಪ್ಪುಗಟ್ಟಬಾರದಂತ ನಾವು ಗುಳಿಗಿ ಕೊಟ್ಟೀವಿ. ಇವೂ ಅದಕ್ಕ ಕೈ ಜೋಡಿಸ್ಯಾವ. ಇದ ರಕ್ತ ಹೊಟ್ಟ್ಯಾಗೋ ತಲ್ಯಾಗೋ ಹರಿದಿದ್ರ ಏನ್ಮಾಡ್ತಿದ್ರಿ?"

"ಹಂಗಾರ ಬ್ಲಾಕ್?" ಎಂದರು ಇವರು, ಹತ್ತಿಯ ಹಿಂದಿನಿಂದ.

"ಅದು ಇದ್ದಲ್ಲೇ ಅದ ರೀ. ಇವು ಯಾವೂ ಅದನ್ನ ತೆಗಿಯೂದಿಲ್ಲ. ಐದೂ ಬಿಡ್ರಿ. ಆದ್ರ ನಾವು ಕೊಟ್ಟಿದ್ದು ಮಾತ್ರ ಒಂದಿನಾನೂ ಬಿಡಬ್ಯಾಡ್ರಿ, ಸ್ಟೆಂಟ್ ಮುಚ್ಚಿಬಿಡ್ತದ."

ಈಗ ನನಗೆ ಹೆದರಿಕೆ ಎರಡು ಕಡೆಯಿಂದ: ರಕ್ತ ನಿಂತರೂ ಭಯ, ಹರಿದರೂ ಭಯ. ಮರಳುವಾಗ ಆಟೋದಲ್ಲಿ ಅಳು ತಡೆಯಲಾಗಲಿಲ್ಲ. "ನುಂಗಿದಾವ ನಾನು. ನೀ ಏನ್ ಬಾಯಾಗ ತುರುಕಿದ್ದೇನು?" ಎಂದರು ಇವರು. ನಾದಿನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳೂ ಅತ್ತಳು, ಅತ್ತು ಮುಗಿಸಿ, "ಹಂಗಾರ ಆ ಡಬ್ಬಿ ನನಗ ಕಳಸ್ರಿ, ಮಣಕಾಲು ಭಾಳ ನೋಯಾಕತ್ತಾವ" ಎಂದಳು.

ಹೆದರಿದ ಮನುಷ್ಯನಿಗೆ ಸುಮ್ಮನೆ ಕೂಡಲು ಬರುವುದಿಲ್ಲ, ಏನಾದರೊಂದು ಮಾಡುತ್ತಿರಬೇಕು. ಆ ಐದು ಡಬ್ಬಿ ನನ್ನ ಹೆದರಿಕೆಗೆ ಬೇಕಾಗಿದ್ದ ಔಷಧಿ. ನುಂಗಿದವರು ಮಾತ್ರ ಅವರು.

ಸಂಜೆ ಉಂಡದ್ದು ಎರಡೆರಡು ರೊಟ್ಟಿ, ಬದನೆಕಾಯಿ ಪಲ್ಯ, ನೀರು ಮಜ್ಜಿಗೆ. ಡಾಕ್ಟರ ಗುಳಿಗೆ ಕೊಟ್ಟು ಅವರನ್ನು ಮಲಗಿಸಿದೆ. ಅವರ ಉಸಿರು ಕೇಳುತ್ತ ಎಚ್ಚರವಾಗಿಯೇ ಇರಬೇಕೆಂದು ಪಕ್ಕದಲ್ಲಿ ಒರಗಿದೆ. ಮೊದಲು ನಿದ್ದೆಹೋದವಳು ನಾನೇ ಅಂತೆ. ಅವರು ನನ್ನ ಗೊರಕೆ ಕೇಳುತ್ತ ಎಚ್ಚರವಾಗಿದ್ದರಂತೆ.