ಬೆಲೆಗೆ ಕೊಟ್ಟ ಆಜ್ಞೆ

ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಮಾವನವರಿಗೆ ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಮನೆಯಲ್ಲಿ ಕೂತರೂ ಊರಿನ ಸುದ್ದಿಯೇ ಬೇಕು. ಈರುಳ್ಳಿ ತುಟ್ಟಿಯಾದರೂ, ರಸ್ತೆ ಕಿತ್ತುಹೋದರೂ ಅವರದು ಒಂದೇ ಮದ್ದು: "ಐದು ವರ್ಷ ಮಿಲಿಟರಿ ಕೈಯಾಗ ಕೊಡ್ರಿ, ಎಲ್ಲಾ ನೆಟ್ಟಗಾಗ್ತೈತಿ." ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಮಗಳ ಹುಟ್ಟುಹಬ್ಬದ ಮಧ್ಯಾಹ್ನ ಆ ಮಾತನ್ನು ಮನೆಗೆ ಬಂದಿದ್ದ ಅವಳ ಡೇಕೇರಿನ ಟೀಚರಿಗೂ ಹೇಳಿದರು. ಆಕೆ ಐವತ್ತು ದಾಟಿದ ಹೆಂಗಸು. ಸೇನೆಯೇ ಆಳುವ ದೇಶವೊಂದರಿಂದ ಬಂದವಳು. ಅಲ್ಲಿ ಬೆಲೆ ನಿಯಂತ್ರಣದ ಸರ್ಕಾರಿ ಕಚೇರಿಯಲ್ಲಿದ್ದಳೆಂದು ನನಗೆ ಗೊತ್ತಾದದ್ದೇ ಅಂದು. ಮಾವನವರ ಮಾತನ್ನು ನಾನು ಇಂಗ್ಲಿಷಿನಲ್ಲಿ ತಿಳಿಸಿದಾಗ ಆಕೆ ಕೇಕಿನ ತಟ್ಟೆ ಕೆಳಗಿಟ್ಟಳು.

ಆಕೆಯ ಕಚೇರಿಗೆ ಕರ್ನಲ್ ಒಬ್ಬ ಮುಖ್ಯಸ್ಥನಾಗಿ ಬಂದನಂತೆ. ಅಡುಗೆ ಎಣ್ಣೆಯ ಬೆಲೆ ಅರ್ಧಕ್ಕಿಳಿಯಬೇಕೆಂದು ಆಜ್ಞೆ ಹೊರಡಿಸಿದ. ಹೆಚ್ಚಿಗೆ ಮಾರಿದವರನ್ನು ಸೈನಿಕರು ಲಾರಿಗೆ ತುಂಬಿಕೊಂಡು ಹೋದರು. ಕೊಂಡದ್ದಕ್ಕಿಂತ ಕಡಿಮೆಗೆ ಯಾರು ಮಾರುತ್ತಾರೆ? ವಾರದೊಳಗೆ ಎಣ್ಣೆಯೇ ಮಾಯ. ಆದರೆ ಎಲ್ಲ ಜಿಲ್ಲೆಗಳಿಂದಲೂ ಆಜ್ಞೆ ಪಾಲನೆಯಾಗಿದೆ ಎಂದೇ ವರದಿ. ಬೇರೆ ಬರೆಯಲು ಯಾರಿಗೂ ಧೈರ್ಯವಿರಲಿಲ್ಲ. ಅದನ್ನೇ ನಂಬಿ ಕರ್ನಲ್ ಸಕ್ಕರೆಯ ಬೆಲೆಯನ್ನೂ ಇಳಿಸಿದ. ಸಕ್ಕರೆಯೂ ಹೋಯಿತು.

ಆಕೆಯ ಮೇಲಧಿಕಾರಿ, ಅರ್ಥಶಾಸ್ತ್ರ ಓದಿದ ಹಿರಿಯರು, ಅಂಗಡಿಗಳಲ್ಲಿ ಎಣ್ಣೆ ಇಲ್ಲ ಎಂದು ಬರೆದರು. ಯಾಕಿಲ್ಲ ಎಂದು ಕರ್ನಲ್ ಕೇಳಲಿಲ್ಲ. "ಹೀಗೆ ಬರೆಯೋಕೆ ನಿನಗೆ ಹೇಳಿಕೊಟ್ಟವರು ಯಾರು?" ಎಂದ. ಆ ಹಿರಿಯರು ಜೈಲಿನಲ್ಲೇ ತೀರಿಕೊಂಡರು. ಅವರ ವರದಿಯನ್ನು ಟೈಪು ಮಾಡಿಕೊಟ್ಟಿದ್ದ ಈಕೆ ಗಡಿ ದಾಟಿದಳು.

ಎಲ್ಲವನ್ನೂ ಮಾವನವರಿಗೆ ಕನ್ನಡದಲ್ಲಿ ಹೇಳಿದೆ. ಅವರು ಕೈಯಲ್ಲಿದ್ದ ಚಕ್ಕುಲಿ ಮುಗಿಸಿ, "ಅವರ ಮಂದಿನ ಹಂಗ. ನಮ್ಮ ಮಿಲಿಟರಿ ಹಂಗಲ್ಲಂತ ಆಕಿಗೆ ಹೇಳವಾ" ಎಂದರು.

"ಏನಂದ್ರು?" ಆಕೆ ನನ್ನನ್ನು ಕೇಳಿದಳು.

"ಕೇಳಿ ತುಂಬ ಬೇಜಾರಾಯ್ತಂತೆ" ಎಂದೆ.

ಆಕೆ ಮಾವನವರ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಮಗಳಿಗೆ ಮುತ್ತು ಕೊಟ್ಟು ಹೊರಟಳು.

ಸೋಮವಾರ ಡೇಕೇರಿನ ಬಾಗಿಲಲ್ಲಿ ಎಂದಿನಂತೆ ನಕ್ಕಳು. ಆದರೆ ಮಗಳ ಊಟ, ನಿದ್ದೆ ಬಿಟ್ಟು ಬೇರೆ ಮಾತನ್ನು ಆಕೆ ನನ್ನೊಡನೆ ಮತ್ತೆಂದೂ ಆಡಲಿಲ್ಲ. ಮನೆಯಲ್ಲಿ ಜಗಳ ಬೇಡವೆಂದು ಮಾವನವರ ಮಾತನ್ನು ಬದಲಿಸಿ ಹೇಳಿಬಿಟ್ಟೆ ಎಂದು ಗಂಡನ ಮುಂದೆ ಹೇಳಿಕೊಂಡೆ.

"ಛಲೋನ ಮಾಡಿದಿ ಬಿಡು" ಎಂದರು.

ಛಲೋ ಏನಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ.