‘ಕೇಳಿಸ್ತಾ ಅಕ್ಕಾ?’ ಎನ್ನುವ ಏಣಿಯಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಪ್ಯಾಸೇಜಿನಲ್ಲಿ ಒಂದು ಏಣಿ, ಏಣಿಯ ಮೇಲೆ ಎರಡು ಕಾಲು. ಉಳಿದ ಮನುಷ್ಯ ಎದೆಯವರೆಗೂ ಫಾಲ್ಸ್ ಸೀಲಿಂಗಿನ ಕಿಂಡಿಯೊಳಗೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ವೈರಿನ ತುದಿಗಾಗಿ ತಡಕಾಡುತ್ತಿದ್ದಾರೆ. ಮನೆಯವರು ಎದ್ದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಕೆಲಸ ಮುಗಿದಿರಬೇಕು. ಆಮೇಲೆ ಅರೆಗಳಿಗೆ ನೆಟ್ ಹೋದರೂ ಮುಖ ಗಂಟಿಕ್ಕುತ್ತಾರೆ. ಅದಕ್ಕೇ ಈ ಹೊತ್ತಲ್ಲದ ಹೊತ್ತು. ಕೊನೆಗೂ ಇಳಿದಾಗ ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕುಕ್ಕರಿಸುತ್ತಾರೆ.

“ಮೇಲೆ ನೋಡ್ಕೊಂಡೇ ಜೀವನ ಕಳೀತು. ಆದ್ರೂ ಆಕಾಶ ನೋಡಿ ಎಷ್ಟು ದಿನ ಆಯ್ತೋ,” ಅನ್ನುತ್ತಾರೆ. ನಗುವುದಕ್ಕೂ ತ್ರಾಣವಿಲ್ಲದ ದನಿ.

ಬಡಾವಣೆಯವರಿಗೆಲ್ಲ ಇವರು ಏಣಿಯಣ್ಣ. ಮನೆಗಳ ಚಾವಣಿಗೆ ವೈಫೈ ಡಬ್ಬಿ ಕೂರಿಸುವುದು ಕಸುಬು. ಕಂಪನಿಯ ಲೆಕ್ಕದಲ್ಲಿ ಅದು ಆಕ್ಸೆಸ್ ಪಾಯಿಂಟ್. ಇವರ ಬಾಯಲ್ಲಿ ‘ತಟ್ಟೆ’. ಊಟದ ತಟ್ಟೆಯನ್ನು ಬೋರಲು ಹಾಕಿದ ಹಾಗೆ ಕಾಣುವ ಆ ಬಿಳಿ ಡಬ್ಬಿಗೆ ಒಂದೇ ವೈರು. ಅದರಲ್ಲೇ ಕರೆಂಟು, ಅದರಲ್ಲೇ ಇಂಟರ್‌ನೆಟ್ಟು. ಆ ವೈರನ್ನು ಗೋಡೆ, ತೊಲೆ, ಇಲಿಗಳ ಸಂಸಾರ ಎಲ್ಲ ದಾಟಿಸಿ ಎಳೆದು ತರುವಷ್ಟರಲ್ಲಿ ಜೀವ ಹಣ್ಣಾಗುತ್ತದೆ. ದಿನಕ್ಕೆ ಎರಡು ಮನೆ. ಮೂರನೆಯದಕ್ಕೆ ಕುತ್ತಿಗೆ ಒಪ್ಪುವುದಿಲ್ಲ.

“ಜನ ನೋಡಿ, ರೂಟರ್ ತಗೊಂಡೋಗಿ ಚಪ್ಪಲಿ ಬೀರು ಒಳಗೆ ಇಡ್ತಾರೆ. ಚೆನ್ನಾಗಿ ಕಾಣಲ್ವಂತೆ. ಆಮೇಲೆ ಬೆಡ್‌ರೂಮಲ್ಲಿ ಸಿಗ್ನಲ್ ಇಲ್ಲ ಅಂತ ನಮ್ಮ ಮೇಲೆ ಹಾರಾಡ್ತಾರೆ. ಅಲ್ಲ, ನಡುವೆ ಇರೋ ಮೂರು ಗೋಡೆ ನಾನು ಕಟ್ಟಿದ್ನಾ?”

ಎಲೆಮರೆಯ ಕಾಯಿ ಅನ್ನುತ್ತೇವಲ್ಲ, ಇವರದು ಸೀಲಿಂಗ್ ಮರೆಯ ಬಾಳು. ಆದರೆ ಇವರನ್ನೇ ಕೇಳಿದರೆ, ಮರೆಯಲ್ಲಿರುವವರು ತಾವಲ್ಲ, ತಮ್ಮ ಅಕ್ಕ ಎನ್ನುತ್ತಾರೆ. ತಟ್ಟೆ ಕೂರಿಸಿದ ಮೇಲೆ ಏಣಿಯಣ್ಣ ತಮ್ಮ ಸಿಮ್ ಆಫ್ ಮಾಡಿ, ಆ ಮನೆಯ ವೈಫೈಯಿಂದಲೇ ಅಕ್ಕನಿಗೆ ಕರೆ ಮಾಡುತ್ತಾರೆ. ಮಾತಾಡುತ್ತಾ ರೂಮಿಂದ ರೂಮಿಗೆ ನಡೆಯುತ್ತಾರೆ. “ಅಡುಗೆಮನೆ, ಕೇಳಿಸ್ತಾ ಅಕ್ಕಾ?” “ಕೇಳಿಸ್ತು.” “ಬಚ್ಚಲು?” “ಮಾತು ಮುರೀತಿದೆ, ಈಚೆ ಬಾ.” ಅಕ್ಕ ಸಾಕೆನ್ನುವವರೆಗೆ ಏಣಿ ಮಡಚುವಂತಿಲ್ಲ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆಯುಷ್ಯದ ಅರ್ಧ ಭಾಗ ತಲೆಗೆ ಹೆಡ್‌ಸೆಟ್ ಬಿಗಿದುಕೊಂಡು ಬೇರೆಯವರ ಲೈನು ಜೋಡಿಸಿದ್ದಾರೆ. ತಂದೆತಾಯಿ ಹೋದ ಮೇಲೆ ಈ ತಮ್ಮನನ್ನು ಬೆಳೆಸಿದ್ದೂ ಅವರೇ. ಈಗ ಮಂಡಿ ಹಿಡಿದುಕೊಂಡು ಹೊಸ್ತಿಲು ದಾಟುವುದೇ ಅಪರೂಪ. ತಮ್ಮನ ಕರೆಯೊಂದೇ ಅವರ ಪಾಲಿನ ಕೆಲಸ. ಅದಕ್ಕಾಗಿ ಬೆಳಗಾಗುವ ಮೊದಲೇ ತಲೆ ಬಾಚಿಕೊಂಡು ಕೂರುತ್ತಾರೆ. ಡ್ಯೂಟಿ ಅಂದರೆ ಡ್ಯೂಟಿ.

ಕಳೆದ ತಿಂಗಳು ಒಂದು ಮನೆಯಲ್ಲಿ ಎಡವಟ್ಟಾಯಿತು. ಕೊನೆಯ ರೂಮಿನಲ್ಲಿ ಮಗು ಮಲಗಿತ್ತು. ಅಕ್ಕ ಫೋನಿನಲ್ಲಿ “ಮುರೀತಿದೆ” ಎಂದರು. ಏಣಿಯಣ್ಣ ಹಾಲಿಗೆ ಬಂದು ತಟ್ಟೆ ಬಿಚ್ಚಿ, ಕೈಗರಗಸದಲ್ಲಿ ಇನ್ನೊಂದು ಕಡೆ ಮೆಲ್ಲಗೆ ತೂತು ಕೊರೆದರು. ಆಗಲೂ “ಮುರೀತಿದೆ”. ಮತ್ತೊಂದು ತೂತು. ಮನೆಯ ಯಜಮಾನಿ ಸೊಂಟಕ್ಕೆ ಕೈಕೊಟ್ಟು ನಿಂತು, “ಏನಣ್ಣಾ, ಸೀಲಿಂಗನ್ನ ಜರಡಿ ಮಾಡ್ಬೇಕು ಅಂತಾನೇ ಬಂದ್ರಾ?” ಎಂದು ಕೇಳಿದರು. ಇವರು ತೂತು ಮುಚ್ಚಿ ಬಂದರು.

ಅಂದು ಮನೆಯಲ್ಲಿ ಊಟಕ್ಕೆ ಕೂತಾಗ, ಅಕ್ಕನ ಪಕ್ಕದಲ್ಲೇ, “ಉಪ್ಪು ಕೊಡು” ಎಂದರು. ಅಕ್ಕ ತಲೆಯೆತ್ತದೆ, “ಮುರೀತಿದೆ ಕಣೋ, ಸರಿಯಾಗಿ ಹೇಳು” ಎಂದರು. ನಡುವೆ ಫೋನಿರಲಿಲ್ಲ.

“ಆಗ ಹೊಳೀತು. ಮಗು ಏಳತ್ತೆ ಅಂತ ಆ ರೂಮಲ್ಲಿ ನಾನು ಮೆಲ್ಲಗೆ ಮಾತಾಡಿದ್ದೆ. ಸಿಗ್ನಲ್ ಸರಿಯಾಗೇ ಇತ್ತು.”

ಅಂದಿನಿಂದ ಹೊಸದೊಂದು ನಾಟಕ ಶುರುವಾಗಿದೆ. ಸಿಗ್ನಲ್ಲಿನ ಬಲವನ್ನು ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ, ಅಲ್ಲಿಗೆ ಕೆಲಸ ಮುಗಿದಂತೆ. ಆದರೂ ಅಕ್ಕನಿಗೆ ಕರೆ ಮಾಡುತ್ತಾರೆ. ಅಕ್ಕ “ಮುರೀತಿದೆ” ಎಂದರೆ, “ಇರು, ನೋಡ್ತೀನಿ” ಎಂದು ಆ ನೋಯುವ ಭುಜ ಹೊತ್ತುಕೊಂಡು ಮತ್ತೆ ಏಣಿ ಹತ್ತುತ್ತಾರೆ. ಮೇಲೆ ಏನನ್ನೂ ಮುಟ್ಟುವುದಿಲ್ಲ; ಸುಮ್ಮನೆ ನಿಂತು ಇಳಿಯುತ್ತಾರೆ. ಇಳಿದು ಗಟ್ಟಿಯಾಗಿ ಕೇಳುತ್ತಾರೆ. “ಈಗ ಸರಿಹೋಯ್ತು ನೋಡು” ಎನ್ನುತ್ತಾರೆ ಅಕ್ಕ. ಕಿವಿ ಮಂದವಾಗಿದೆ ಎಂದು ಹೇಳಿಬಿಟ್ಟರೆ ಆಕೆ ನಾಳೆಯಿಂದ ಫೋನೇ ಎತ್ತುವುದಿಲ್ಲ, ತಲೆಯನ್ನೂ ಬಾಚಿಕೊಳ್ಳುವುದಿಲ್ಲ ಎಂಬ ಭಯ ಇವರದು. ಹೇಳದೆ ಇರುವುದೂ ಸಂಕಟ.

ಇವತ್ತೂ ಅದೇ ಆಯಿತು. ಎರಡನೆಯ ಸಲ ಏಣಿ ಹತ್ತಿಳಿದು, ಗಟ್ಟಿಯಾಗಿ ಕೇಳಿ, ಎದ್ದು ಬಂದ ಮನೆಯವರಿಂದ “ಸ್ವಲ್ಪ ಮೆತ್ತಗೆ ಮಾತಾಡ್ತೀರಾ?” ಎನ್ನಿಸಿಕೊಂಡು, ಇನ್ನೊಂದು ಮನೆಯನ್ನೂ ಮುಗಿಸಿ ಮನೆ ಸೇರುವಷ್ಟರಲ್ಲಿ ಹೈರಾಣಾಗಿದ್ದಾರೆ. ಏಣಿ ಒರಗಿಸಿ, ಚಪ್ಪಲಿಯನ್ನೂ ಬಿಡದೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಅಕ್ಕ ನೀರಿನ ಲೋಟ ಮುಂದಿಟ್ಟು, ಮುಖ ನೋಡಿಕೊಂಡೇ ಕೇಳುತ್ತಾರೆ.

“ಬೆಳಿಗ್ಗೆ ಆ ಮನೇಲಿ ಇನ್ನೊಂದ್ಸಲ ಮೇಲೆ ಹತ್ತಿ ಏನು ಮಾಡ್ದೆ?”

“ವೈರ್ ಸಡಿಲ ಇತ್ತು. ಬಿಗಿ ಮಾಡ್ದೆ.”

“ಸುಳ್ಳು ಹೇಳ್ಬೇಡ. ಲೈನ್ ಕೆಟ್ರೆ ಮಾತು ತುಂಡು ತುಂಡಾಗಿ ಬರತ್ತೆ. ದನಿ ದೂರ ಆಗಲ್ಲ. ನೀನು ದೂರ ಆಗ್ತಿದ್ದೀಯ ಕಣೋ. ಲೈನ್ ಕೇಳ್ಕೊಂಡೇ ಮುದುಕಿ ಆದೋಳಿಗೆ ಅಷ್ಟೂ ಗೊತ್ತಾಗಲ್ವಾ?”

ಏಣಿಯಣ್ಣ ಲೋಟ ಕೆಳಗಿಡುತ್ತಾರೆ. “ಮತ್ತೆ ಮುರೀತಿದೆ ಅಂತ ಯಾಕೆ ಅಂದೆ?”

“ಕೇಳಿಸ್ತಿಲ್ಲ ಅಂದಿದ್ರೆ ನೀನು ಫೋನ್ ಮಾಡೋದನ್ನೇ ಬಿಡ್ತಿದ್ದೆ,” ಎನ್ನುತ್ತಾ ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. “ನಿನ್ನ ಭುಜ ಎಷ್ಟು ನೋಯತ್ತೆ ಅಂತ ನಂಗೆ ಗೊತ್ತು. ನಂಗೋಸ್ಕರ ಹತ್ತಿಳೀಬೇಡ.”

ಇಬ್ಬರೂ ಒಂದೇ ಭಯವನ್ನು ಒಂದೇ ಸೂರಿನಡಿ ಬಚ್ಚಿಟ್ಟುಕೊಂಡಿದ್ದರು. ಏಣಿಯಣ್ಣ ಕಣ್ಣೊರೆಸಿಕೊಂಡು, ಸೀಲಿಂಗ್ ಪುಡಿ ಬಿತ್ತು ಎನ್ನುತ್ತಾರೆ. ಆಮೇಲೆ ಅಕ್ಕನ ಕಿವಿಯ ಹತ್ತಿರ ಬಾಗುತ್ತಾರೆ.

“ಕಿವಿ ಡಾಕ್ಟರ ಹತ್ರ ಹೋಗೋಣ. ಆದ್ರೆ ನಾಳೆ ಆಗಲ್ಲ. ಎರಡು ಮಹಡಿ ಮನೆ ಕೆಲ್ಸ ಇದೆ, ತುಂಬಾ ರೂಮು. ಬೇಗ ಎದ್ದು ಫೋನ್ ಹತ್ರ ಇಟ್ಕೊಂಡಿರು. ಕೂಗಿ ಹೇಳ್ತೀನಿ.”

“ಹೊತ್ತಾರೆ ಹಾಗೆ ಕೂಗಿದ್ರೆ ಆ ಮನೆಯೋರು ಬೈಯಲ್ವೇನೋ?”

“ಬೈದ್ರೆ ಬೈಸ್ಕೋತೀನಿ ಬಿಡು.”