ಎಲ್ಲರಿಗೂ ಅಕ್ಕಾರ ಎನ್ನುವ ಫಾರ್ಮ್

ಜೇವರ್ಗಿ ಕಾಲೋನಿಯಲ್ಲಿ ವೆಬ್‌ಸೈಟ್ ಮಾಡುವ ಚಂದ್ರಶಾನ ಕೈಗೆ ಅರ್ಜಿಯ ಫಾರ್ಮ್ ಮಾಡುವ ಕೆಲಸ ಸಿಕ್ಕರೆ ಮುಗಿಯಿತು, ಒಂದೊಂದು ಖಾನೆಯ ಕೆಳಗೂ, ತುಂಬಿದ್ದು ತಪ್ಪಾದರೆ ಕಾಣುವಂತೆ, ಸಮಾಧಾನದ ಮಾತು ಬರೆದಿಡುತ್ತಾನೆ: 'ಅಕ್ಕಾರ, ಫೋನ್ ನಂಬರಿನ ಮುಂದಿನ ಸೊನ್ನಿ ತೆಗೀರಿ, ಉಳಿದದ್ದೆಲ್ಲ ಬರೋಬ್ಬರಿ ಅದ.' ತುಂಬಿದ ಒಂದಕ್ಷರವೂ ಅಳಿಯಬಾರದು, ತಪ್ಪು ತೋರಿಸುವ ಕೆಂಪು ಬಣ್ಣ ಕಣ್ಣಿಗೆ ಚುಚ್ಚಬಾರದು ಎಂಬುದು ಅವನ ಹಟ. 'ಮೀಸಿ ಇದ್ದವರಿಗೂ ಅಕ್ಕಾರ ಅಂತೀಯೇನೋ?' ಎಂದು ಮಾಲೀಕ ಮಕ್ಬೂಲ್ ಸಾಹೇಬರು ರೇಗುತ್ತಾರೆ. 'ಇರಲಿ ಬಿಡ್ರಿ ಸಾಹೇಬ್ರ, ಪಾಪ, ಒಬ್ಬರೇ ಕೂತು ತುಂಬತಾರ' ಎನ್ನುತ್ತಾನೆ. ಹೋದ ವರ್ಷ, 2007ರಲ್ಲಿ, ಕಮಲಾಪುರದಲ್ಲಿ ಅವನ ಅಕ್ಕ ಮಹಾದೇವಮ್ಮ ನರ್ಸ್ ಕೆಲಸದ ಅರ್ಜಿಯನ್ನು ಕೊನೆಯ ದಿನ ಹದಿನಾಲ್ಕು ಸಲ ತುಂಬಿದ್ದಳು. ನಂಬರಿನ ಮುಂದೊಂದು ಸೊನ್ನೆಯಿತ್ತು. ಪ್ರತಿಸಲವೂ ಫಾರ್ಮ್ 'ಮಾಹಿತಿ ತಪ್ಪಾಗಿದೆ' ಎಂದಷ್ಟೇ ಹೇಳಿ ಎಲ್ಲವನ್ನೂ ಅಳಿಸಿಹಾಕಿತ್ತು. ಆ ಫಾರ್ಮ್ ಮಾಡಿದವನು ತಾನೇ ಎಂದು ಚಂದ್ರಶಾ ಅಕ್ಕನಿಗೆ ಇನ್ನೂ ಹೇಳಿಲ್ಲ.